ಚಿ. ರಾ. ತ್ರಿವಿಕ್ರಮರ ಚೀಲ

ಅಡುಗೆಮನೆಯ ಬಾಗಿಲು ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕವರು ನಿಷೇಧವಾಯಿತು. ಆ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ದೊಡ್ಡ ಕವರು, ಅದರೊಳಗೆ ಮಿಕ್ಕೆಲ್ಲ ಕವರುಗಳು. ಈ ವ್ಯವಸ್ಥೆ ಯಾವ ಮನೆಯಲ್ಲಿಲ್ಲ? ನಮ್ಮಲ್ಲಿ ಅದಕ್ಕೆ ಮೂವತ್ತು ವರ್ಷ ತುಂಬಿತ್ತು, ಅಷ್ಟೇ. ಒಂದು ಮಧ್ಯಾಹ್ನ ಬೆಕ್ಕಿನ ಕಾಟಕ್ಕೆ ಅತ್ತೆ ಒಳಗಿನಿಂದ ಬಾಗಿಲು ಹಾಕಿಕೊಂಡಾಗ ಆ ಬಸುರಿ ಕವರು ಮೊಳೆ ಬಿಟ್ಟು ಜಾರಿ ಬಾಗಿಲಿಗೂ ರಾಗಿ ಡಬ್ಬಕ್ಕೂ ನಡುವೆ ಕೂತುಬಿಟ್ಟಿತು. ನಾವು ಹೊರಗಿನಿಂದ ದೂಡಿದೆವು. ಅದು ಒಳಗಿನಿಂದ ಮೆತ್ತಗೆ, ಮರ್ಯಾದೆಯಿಂದ, ವಾಪಸ್ಸು ದೂಡಿತು. ಹಿತ್ತಿಲಿನ ಕಿಟಕಿಯ ಬಳಿ ಮೂರು ಗಂಟೆ ನಿಂತ ನಮಗೆಲ್ಲ ಅತ್ತೆಯೇ ಒಳಗಿನಿಂದ ಕಾಫಿ ಕೊಟ್ಟು, "ಸಕ್ಕರೆ ಸಾಕಾ?" ಎಂದು ಕೇಳಿದರು.

ನನ್ನ ಗಂಡ ವಾಮನಮೂರ್ತಿ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಕದದ ಕೀಲು ಬಿಚ್ಚಿ ತಾಯಿಯನ್ನು ಹೊರಗೆ ತಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಆ ಕವರುಗಳ ಕವರನ್ನು ತಕ್ಕಡಿಗೆ ನೇತುಹಾಕಿದ್ದು.

"ಹದಿನೇಳು ಕಿಲೋ," ಎಂದರು, ತೀರ್ಪಿನ ದನಿಯಲ್ಲಿ. "ಇವತ್ತಿನಿಂದ ಈ ಮನೆಗೆ ಒಂದು ಕವರೂ ಬರಕೂಡದು."

ಮೂಲೆಯಲ್ಲಿ ಕರಿಬೇವು ಬಿಡಿಸುತ್ತಿದ್ದ ನನ್ನ ನಾದಿನಿ ಕುಮುದ್ವತಿಯ ಕೈ ನಿಂತಿತು. ಆಮೇಲೆ ಬಿಡಿಸಿದ ಕಡ್ಡಿಗಳೆಲ್ಲ ತಟ್ಟೆಗೂ, ಎಲೆಗಳೆಲ್ಲ ಕಸಕ್ಕೂ ಹೋದವು.

ಬೇರೆ ಊರಾಗಿದ್ದರೆ ಇದೊಂದು ವಾರದ ವ್ರತವಾಗಿ ಮುಗಿಯುತ್ತಿತ್ತು. ಈ ಊರಿನಲ್ಲಿ ಮನುಷ್ಯನನ್ನು ಅವನ ಕೈಯಲ್ಲಿರುವ ಚೀಲ ಓದಿ ಮಾತಾಡಿಸುತ್ತಾರೆ. ಮನೆಯ ಹೊಸ್ತಿಲ ಒಳಗೆ ಎಲ್ಲರಿಗೂ ಅವರವರ ಹೆಸರು. ಹೊಸ್ತಿಲು ದಾಟಿದರೆ ಚೀಲದ ಮೇಲೆ ಏನಿದೆಯೋ ಅದು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಯಾಕೆಂದು ಕೇಳಿದ್ದೆ. ಅತ್ತೆ ಪಾಪ ಎನ್ನುವಂತೆ ನನ್ನನ್ನು ನೋಡಿ, "ನಿಮ್ಮೂರಲ್ಲಿ ಮುಖ ನೋಡಿ ಮಾತಾಡಿಸ್ತಾರಂತಲ್ಲ, ಅದು ಹೇಗೆ ನಿಭಾಯಿಸ್ತೀರಿ ತಾಯಿ? ಮುಖದ ಮೇಲೆ ಏನು ಬರೆದಿರತ್ತೆ?" ಎಂದರು. ಆಮೇಲೆ ನಾನು ಕೇಳಲಿಲ್ಲ.

ಇಲ್ಲಿನ ಅಂಗಡಿಗಳ ಪ್ಲಾಸ್ಟಿಕ್ ಕವರು ಬರೀ ಕಪ್ಪು. ಒಂದಕ್ಷರವೂ ಇಲ್ಲ. ಅದನ್ನು ಹಿಡಿದು ಹೊರಟವರು ಯಾರಿಗೂ ಕಾಣಿಸುವುದಿಲ್ಲ. ಅಗೌರವವೇನಿಲ್ಲ, ಓದುವುದಕ್ಕೆ ಏನೂ ಇಲ್ಲ, ಅಷ್ಟೇ. ತರಕಾರಿಯವಳು ನಿಮ್ಮಾಚೆಗೆ ಎಲ್ಲೋ ನೋಡುತ್ತ ಬೀನ್ಸ್ ತೂಗುತ್ತಾಳೆ, ಬೀನ್ಸ್ ಕವರಿಗೆ ಬೀಳುತ್ತದೆ. ನೀವು ಏನು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲವಾದ್ದರಿಂದ ಚೌಕಾಸಿಯಿಲ್ಲ. ಊರಿನವರು ಬರಿ ಕವರನ್ನು ಬಳಸುವುದು ಮುಖ್ಯವಾಗಿ ಸೀಬೆಕಾಯಿ ತರಲು ಹೋಗಿ ನೆಂಟರು ಎದುರಾಗಬಾರದು ಎನ್ನುವಾಗ. ಕುಮುದ ಮಾತ್ರ ಹನ್ನೊಂದು ವರ್ಷದಿಂದ ಪ್ರತಿ ಬೆಳಿಗ್ಗೆ ಬರಿ ಕವರು ಹಿಡಿದೇ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳಿಗೆ ಮದುವೆ ಗೊತ್ತಾಗಿತ್ತು. ತಾಂಬೂಲ ಕೊಡಲು ಐನೂರು ಬಟ್ಟೆ ಚೀಲ ಹೊಲಿಸಿ ಅಚ್ಚು ಹಾಕಿಸಿದ್ದರು: ಮೇಲೆ ಬಂಗಾರದ ಬಣ್ಣದಲ್ಲಿ ಶುಭವಿವಾಹ, ಅದರ ಕೆಳಗೆ ಕೆಂಪಿನಲ್ಲಿ ಚಿ. ಸೌ. ಕುಮುದ್ವತಿ, ಅದರ ಕೆಳಗೆ ಚಿ. ರಾ. ತ್ರಿವಿಕ್ರಮ. ಮುಹೂರ್ತದ ಬೆಳಿಗ್ಗೆ ಹುಡುಗ ಬಸ್ಸಿಳಿದ. ಅವನ ಕೈಯಲ್ಲಿ ಬಟ್ಟೆಬರೆ ತುಂಬಿದ್ದ ಚೀಲ ಅದೇ ದಿನ ಊರಿನಲ್ಲಿದ್ದ ಇನ್ನೊಂದು ಮದುವೆಯದು, ಅದರ ಮೇಲೆ ವಿಶಾಲಾಕ್ಷಿ, ಅನಂತಶಯನ ಎಂದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಆ ಕಡೆಯವರು ಓದಿದರು, ಹಾರ ಹಾಕಿದರು, ಕರೆದುಕೊಂಡು ಹೋಗಿ ಇನ್ನೊಂದು ಛತ್ರದಲ್ಲಿ ಹಸೆಗೆ ಕೂರಿಸಿದರು. ತಾನು ತ್ರಿವಿಕ್ರಮ ಎಂದು ಅವನು ಮೂರು ಸಲ ಹೇಳಿದನಂತೆ. ಮೂರನೆಯ ಸಲ ಅಷ್ಟೇನೂ ಗಟ್ಟಿಯಾಗಿ ಹೇಳಲಿಲ್ಲವಂತೆ. ಅನಂತಶಯನನೆಂಬ ನಿಜವಾದ ವರ ತಡವಾಗಿ ಬರಿ ಕವರು ಹಿಡಿದು ಬಂದ. ಅವನಿಗೆ ಮೂರನೇ ಪಂಕ್ತಿಯಲ್ಲಿ ಊಟ ಹಾಕಿ ಕಳಿಸಿದರು. ಇದರಲ್ಲಿ ಯಾರದೂ ತಪ್ಪಿಲ್ಲ ಎಂದು ಊರು ಒಮ್ಮತಕ್ಕೆ ಬಂತು. ಕುಮುದಳ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅವನು ಆ ಚೀಲವನ್ನು ನೋಡಿ ಎತ್ತಿಕೊಂಡನೋ, ನೋಡದೆ ಎತ್ತಿಕೊಂಡನೋ?

ನಿಷೇಧದ ಮೊದಲ ತಿಂಗಳು ನಾವು ಮನೆಯಲ್ಲಿದ್ದ ಹಳೆಯ ಚೀಲಗಳನ್ನು ಹಂಚಿಕೊಂಡೆವು. ಕುಮುದ ಮಾತ್ರ ಒಂದನ್ನೂ ಮುಟ್ಟದೆ, ಅಡಗಿಸಿಟ್ಟ ಕವರು ಹಿಡಿದು ಅಣ್ಣನ ಕಣ್ಣು ತಪ್ಪಿಸಿ ಹೋಗಿಬರುತ್ತಿದ್ದಳು. ನನ್ನ ಗಂಡನಿಗೆ ಗಜಾನನ ಗೊಬ್ಬರ ಭಂಡಾರದ ಚೀಲ. ಒಂದು ವಾರದಲ್ಲೇ ಜನ ಅವರನ್ನು ನಿಲ್ಲಿಸಿ ಬಾಳೆಗೆ ಯಾವ ಗೊಬ್ಬರ ಎಂದು ಕೇಳತೊಡಗಿದರು, ಇವರೂ ತೂಕ ತಪ್ಪದೆ ಹೇಳತೊಡಗಿದರು. ನನಗೆ ತವರಿನಿಂದ ಬಂದಿದ್ದ ವೀರಭದ್ರ ಬ್ಯಾಂಡ್ ಕಂಪನಿಯ ಚೀಲ. ನಾನು ಇಲ್ಲಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ದಾರಿಯಲ್ಲಿ ಎಂಟು ಜನ ಕ್ಲಾರಿಯೊನೆಟ್ ಇದೆಯೇ, ಇಲ್ಲವೇ ಎಂದು ವಿಚಾರಿಸುತ್ತಿದ್ದರು. ಅತ್ತೆಗೆ ಸಿಕ್ಕಿದ್ದು ಪಶು ಆಸ್ಪತ್ರೆಯ ಚೀಲ. ಮೂರನೇ ದಿನ ಯಾರೋ ಹೊಟ್ಟೆ ಉಬ್ಬರಿಸಿದ ಒಂದು ಮೇಕೆ ತಂದರು. ಅತ್ತೆ ಹಿಂಜರಿಯದೆ ಓಮದ ಕಷಾಯ ಕುಡಿಸಿದರು. ಮೇಕೆ ಹುಷಾರಾಗಿ, ಹಸಿವಾಗಿ, ಚೀಲವನ್ನು ತಿಂದುಹಾಕಿತು.

ಹೀಗೆ ಚೀಲಗಳು ಕಡಿಮೆಯಾದಾಗ ಅತ್ತೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಎಂದರು.

"ಅಮ್ಮ, ಅದನ್ನ ಮುಟ್ಟಬೇಡ," ಎಂದಳು ಕುಮುದ.

"ಹನ್ನೊಂದು ವರ್ಷದಿಂದ ನಾನೆಲ್ಲಿ ಮುಟ್ಟಿದ್ದೀನೇ? ಹುಳ ಮುಟ್ತಿವೆ."

ಐನೂರು ಚೀಲ. ಹುಳ ತಿಂದದ್ದು ಬಿಟ್ಟು ನಾನೂರ ಎಂಬತ್ತು. ಮುಗ್ಗಲು ವಾಸನೆ ಹೋಗಲೆಂದು ಅತ್ತೆ ಇಪ್ಪತ್ತನ್ನು ಸೀಗೆಪುಡಿ ಹಾಕಿ ಕುದಿಸಿದರು. ಬಂಗಾರದ ಶುಭವಿವಾಹ ಪೂರ್ತಿ ಬಿಟ್ಟುಹೋಯಿತು. ಕೆಂಪಿನ ಎರಡು ಹೆಸರು ಮಾತ್ರ ಇನ್ನೂ ಕೆಂಪಾಗಿ ನಿಂತವು.

ಕುಮುದ ಮೂರು ದಿನ ಮಾರ್ಕೆಟ್ಟಿಗೆ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವಳು ಬರಿಗೈಯವಳಂತೆ ಬಾಗಿಲು ದಾಟುತ್ತಿದ್ದಾಗ ಅವಳ ಅಣ್ಣ ತಡೆದರು. ಅವಳ ಮುಷ್ಟಿಯಲ್ಲಿ, ಸಮೋಸದಂತೆ ಮೂರು ಮೂಲೆಗೆ ಮಡಚಿದ ಒಂದು ಕಪ್ಪು ಕವರು.

"ಒಂದೇ ಒಂದು ಅಣ್ಣ. ತೊಳೆದು ತೊಳೆದು ಇದನ್ನೇ ಇಟ್ಕೋತೀನಿ. ನಂಗೆ ಹೆಸರು ಬೇಡ. ಕವರ್ ಸಾಕು."

"ಒಂದೇ ಒಂದು ಅಂತಲೇ ಹದಿನೇಳು ಕಿಲೋ ಆಗಿದ್ದು ಕುಮುದಾ," ಎಂದರು ಇವರು. ಅವರ ದನಿ ಮೃದುವಾಗಿತ್ತು. ಆದರೆ ಇನ್‌ಸ್ಪೆಕ್ಟರು ಇನ್‌ಸ್ಪೆಕ್ಟರೇ, ಕವರು ಜಪ್ತಿಯಾಯಿತು.

ಜೊತೆಗೆ ನಾನು ಹೋದೆ. ಕುಮುದ ತಾಂಬೂಲದ ಚೀಲವನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ಆದರೂ ತರಕಾರಿ ಪುಟ್ಟಗೌರಮ್ಮ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದವಳು ತಲೆಯೆತ್ತಿ ಅಕ್ಷರ ಕೂಡಿಸಿ ಓದಿದಳು.

"ಚಿ... ಸೌ... ಕುಮುದ್ವತಿ. ಚಿ... ರಾ... ತ್ರಿವಿಕ್ರಮ. ಅಯ್ಯೋ, ಬನ್ನಿ ಅಮ್ಮಾ! ಎಲ್ಲಿದ್ರಿ ಇಷ್ಟು ದಿನ? ಊರಿಗೆ ಹೊಸಬರಾ?"

ಹನ್ನೊಂದು ವರ್ಷ ಪ್ರತಿದಿನ ಇವಳ ಹತ್ತಿರವೇ ಬೀನ್ಸ್ ಕೊಂಡವಳು ಕುಮುದ.

"ಯಜಮಾನ್ರು ಬದನೆಕಾಯಿ ತಿಂತಾರಾ?"

ನಾನು ಉತ್ತರಿಸಲು ಬಾಯಿ ತೆಗೆದೆ. ಪುಟ್ಟಗೌರಮ್ಮ ನನ್ನ ಚೀಲ ಓದಿ, "ತಡೀರಿ ಬ್ಯಾಂಡಿನವರೇ, ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ," ಎಂದಳು.

"ತಿನ್ನಲ್ಲ," ಎಂದಳು ಕುಮುದ ಕೊನೆಗೆ.

ಅಲ್ಲಿಂದ ತ್ರಿವಿಕ್ರಮ ಬೆಳೆಯತೊಡಗಿದ. ಅವನು ಬದನೆ ತಿನ್ನುವುದಿಲ್ಲ ಎಂಬುದು ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಗೆ ಹೋಯಿತು. ಪಿತ್ತದ ಮೈ ಇರಬೇಕು ಎಂದು ಗ್ರಂಧಿಗೆ ಅಂಗಡಿಯವನು ಒಣದ್ರಾಕ್ಷಿ ಶಿಫಾರಸು ಮಾಡಿದ. ಅವನು ಯಾಕೆ ಕಾಣಿಸುವುದಿಲ್ಲ ಎಂದು ಯಾರೋ ಕೇಳಿದರು, ಕುಮುದ ತಪ್ಪಿಸಿಕೊಳ್ಳಲು ನೆಗಡಿ ಎಂದಳು. ಮಾರನೆಯ ದಿನ ಮೂರು ಮನೆಯಿಂದ ಕರಿಮೆಣಸಿನ ಸಾರು ಬಂತು. ನಾವು ಕುಡಿದೆವು. ಒಂದು ಸಾರಿಗೆ ಉಪ್ಪು ಹೆಚ್ಚಿತ್ತು.

ಇಷ್ಟರಲ್ಲೇ ನಿಲ್ಲುತ್ತಿತ್ತೇನೋ. ಆದರೆ ಸಾಹಿತ್ಯ ಸಂಘದ ಕಾರ್ಯದರ್ಶಿ ನೀಲಕಂಠಪ್ಪನವರ ಕಣ್ಣಿಗೆ ಚೀಲ ಬಿತ್ತು. ಶುಭವಿವಾಹ ಎಂಬುದು ಇದ್ದಿದ್ದರೆ ಅವರೂ ಸುಮ್ಮನಿರುತ್ತಿದ್ದರು. ಈಗ ಇದ್ದದ್ದು ಎರಡಕ್ಷರ, ನಡುನಡುವೆ ಚುಕ್ಕಿ, ಆಮೇಲೊಂದು ಗಂಭೀರ ಹೆಸರು. ಇಂಥ ಹೆಸರಿಟ್ಟುಕೊಂಡು ಒಬ್ಬ ಮನುಷ್ಯ ಏನೂ ಬರೆಯದೆ ಇರುವುದು ಕನ್ನಡದಲ್ಲಿ ಸಾಧ್ಯವಿಲ್ಲ ಎಂಬುದು ಅವರ ನಂಬಿಕೆ. ಅವರು ನೇರ ಗ್ರಂಥಾಲಯಕ್ಕೆ ಬಂದು, ನನ್ನ ಮೇಜಿನ ಮೇಲಿದ್ದ ಫಲಕ ಓದಿ, ಕೇಳಿದರು.

"ಚಿ. ರಾ. ತ್ರಿವಿಕ್ರಮ ಅವರ ಪುಸ್ತಕಗಳು ಯಾವ ಕಪಾಟಿನಲ್ಲಿವೆ?"

ಇಲ್ಲ ಎನ್ನಬೇಕಾಗಿತ್ತು. ಆದರೆ ಗ್ರಂಥಪಾಲಕಿಯ ಬಾಯಿಗೆ ಒಂದು ಅಭ್ಯಾಸವಿರುತ್ತದೆ. "ಎಲ್ಲ ಹೊರಗೆ ಹೋಗಿವೆ," ಎಂದೆ.

"ಎಲ್ಲವೂ?" ನೀಲಕಂಠಪ್ಪನವರ ಕಣ್ಣು ತೇವವಾಯಿತು. "ಜನ ಇನ್ನೂ ಓದ್ತಾರೆ ಅನ್ನಿ."

ಒಂದು ವಾರದಲ್ಲಿ ಇಪ್ಪತ್ತಾರು ಜನ ಬಂದು ಚಿ. ರಾ. ಅವರ ಪುಸ್ತಕಕ್ಕೆ ಹೆಸರು ಬರೆಸಿ ಹೋದರು. ನಿವೃತ್ತ ಮೇಷ್ಟ್ರೊಬ್ಬರು, ತಾವು ಬಹಳ ಹಿಂದೆಯೇ ಓದಿರುವುದಾಗಿಯೂ ಕೊನೆಯ ಅಧ್ಯಾಯ ಸ್ವಲ್ಪ ಎಳೆದಿರುವುದಾಗಿಯೂ ಹೇಳಿದರು. ಇನ್ನೊಬ್ಬರು ಅದನ್ನು ಒಪ್ಪಲಿಲ್ಲ. ಎಳೆದದ್ದಲ್ಲ, ಅದೇ ಅವರ ಶೈಲಿ ಎಂದರು. ಪತ್ರಿಕೆ ಓದುವ ಮೇಜಿನ ಬಳಿ ಜಗಳ ಬಿಡಿಸಬೇಕಾಯಿತು.

ಮನೆಯಲ್ಲಿ ಕುಮುದ ನನ್ನ ಮೇಲೆ ಹರಿಹಾಯ್ದಳು. "ಅತ್ತಿಗೆ, ನೀವಾದ್ರೂ ಬೀದೀಲಿ ಹೇಳಬಾರದಾ ಅವನು ಯಾರೂ ಅಲ್ಲ ಅಂತ?"

"ಹೇಳಿದೆ ಕಣೇ. ಕ್ಲಾರಿಯೊನೆಟ್ಟಿಗೆ ಬೇರೆ, ಡೋಲಿಗೆ ಬೇರೆ ಕೊಡಬೇಕಾ ಅಂತ ಕೇಳಿದ್ರು."

ಅವಳು ನಗಲಿಲ್ಲ. ಚೀಲ ಬಗ್ಗಿಸಿ ತರಕಾರಿ ಸುರಿದಳು. ಬೀನ್ಸ್, ಕ್ಯಾರೆಟ್ಟು, ಒಂದು ಕಟ್ಟು ದಂಟು. ಕೊನೆಗೆ ಅರ್ಧ ಕಿಲೋ ಹಾಗಲಕಾಯಿ ಉರುಳಿ ಬಂತು. ನಾವಿಬ್ಬರೂ ಅದನ್ನೇ ನೋಡಿದೆವು. ನಮ್ಮ ಮನೆಯಲ್ಲಿ ಹಾಗಲಕಾಯಿ ತಿನ್ನುವವರು ಒಬ್ಬರೂ ಇಲ್ಲ.

"ಅವನಿಗೆ ಪಿತ್ತ ಅಂದ್ರಲ್ಲ, ಅದಕ್ಕೆ ತಂದೆ," ಎಂದಳು ಕುಮುದ ಮೆಲ್ಲಗೆ. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅತ್ತಿಗೆ, ನಂಗೆ ಭಯ ಆಗ್ತಿದೆ. ಕವರ್ ಹಿಡಿದಾಗ ನಾನು ಯಾರಿಗೂ ಕಾಣ್ತಿರಲಿಲ್ಲ, ಸರಿ. ಆದ್ರೆ ನಂಗೆ ನಾನು ಕಾಣ್ತಿದ್ದೆ."

ಸಾಹಿತ್ಯ ಸಂಘದವರು ಸನ್ಮಾನ ಗೊತ್ತುಮಾಡಿದರು. ಭಾನುವಾರ ಮಧ್ಯಾಹ್ನ ಮೂರಕ್ಕೆ, ಗ್ರಂಥಾಲಯದ ಸಭಾಂಗಣದಲ್ಲಿ. ಚಿ. ರಾ. ಅವರಿಗೆ ಅನಾರೋಗ್ಯ, ಬರಲಾರರು ಎಂದು ಕುಮುದ ಹೇಳಿದ್ದಕ್ಕೆ ನೀಲಕಂಠಪ್ಪನವರು, "ಚಿಂತೆಯಿಲ್ಲ ತಾಯಿ, ಚೀಲ ಕಳಿಸಿದ್ರೆ ಅವರೇ ಬಂದ ಹಾಗೆ," ಎಂದರು. ಹೀಗೆ ವೇದಿಕೆಯ ಮಧ್ಯದ ಕುರ್ಚಿಯ ಮೇಲೆ ತಾಂಬೂಲದ ಒಂದು ಚೀಲವನ್ನು ಕೂರಿಸಿದರು. ಒಳಗೆ ತೆಂಗಿನಕಾಯಿ ಇಟ್ಟಿದ್ದರಿಂದ ಅದು ನೆಟ್ಟಗೆ ಕೂತಿತು. ಶಾಲು ಹೊದಿಸಿದರು. ಹಿಡಿಕೆಗಳ ಮೇಲೆ ಪೇಟ ಇಟ್ಟರು. ನೀಲಕಂಠಪ್ಪನವರು ಚಿ. ರಾ. ಅವರ ಬರಹದಲ್ಲಿ ಮೌನದ ಪಾತ್ರ ಎಂಬ ವಿಷಯವಾಗಿ ನಲವತ್ತು ನಿಮಿಷ ಮಾತಾಡಿದರು. ಒಂದು ಲೆಕ್ಕದಲ್ಲಿ ಅವರು ಹೇಳಿದ್ದು ಒಂದೂ ಸುಳ್ಳಲ್ಲ.

ಕುರ್ಚಿಯ ಪಕ್ಕದಲ್ಲಿ ತನ್ನದೊಂದು ಚೀಲ ಹಿಡಿದು ಕುಮುದ ಕೂತಿದ್ದಳು, ವೇದಿಕೆಯ ಮೆಟ್ಟಿಲ ಬಳಿ ನಾನು. ಅವಳು ಎರಡು ಮಾತಾಡಬೇಕೆಂದು ಮೈಕಿನ ಮುಂದೆ ನಿಲ್ಲಿಸಿದರು. ಆಗ ಹಿಂದಿನ ಬಾಗಿಲಿನಿಂದ ಒಬ್ಬ ಮನುಷ್ಯ ಒಳಗೆ ಬಂದ. ಸೊರಗಿದ್ದ, ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು, ಕೈಯಲ್ಲಿ ಕಪ್ಪು ಬರಿ ಕವರು. ಯಾರೂ ತಿರುಗಲಿಲ್ಲ. ಮುಖ ನೋಡುವ ಊರಿನಿಂದ ಬಂದ ನಾನು ನೋಡಿದೆ. ಹನ್ನೊಂದು ವರ್ಷ ಬರಿ ಕವರು ಹಿಡಿದಿದ್ದ ಕುಮುದ ನೋಡಿದಳು. ಅವಳ ಮುಖ ನೋಡಿ ಅವನು ಯಾರೆಂದು ನನಗೆ ತಿಳಿಯಿತು. ಅವನು ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿ ಅವಳೆದುರು ನಿಂತ.

"ಅದು ನಾನೇ ಕಣ್ರೀ," ಎಂದ, ಕುರ್ಚಿಯ ಕಡೆ ಬೆರಳು ಮಾಡಿ. ಸಭೆಗೆ ಅದು ಕೇಳಿಸಲಿಲ್ಲ.

ಕುಮುದಳ ಕೈಯಲ್ಲಿ ಚೀಲವಿತ್ತು, ಎದುರಿಗೆ ಮೈಕಿತ್ತು. ಅವಳು ಕೇಳಿದ್ದು ಎಲ್ಲರಿಗೂ ಕೇಳಿಸಿತು: "ಆವತ್ತು ಚೀಲ ನೋಡಿ ತಗೊಂಡ್ರಾ, ನೋಡದೆ ತಗೊಂಡ್ರಾ?"

"ಕವನ," ಎಂದು ನೀಲಕಂಠಪ್ಪನವರು ಪಕ್ಕದವರಿಗೆ ಪಿಸುಗುಟ್ಟಿದರು.

ಅವನು ಬಹಳ ಹೊತ್ತು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ ಎನ್ನಬೇಕು. "ಹೊರಡೋ ಅವಸರ. ನಾಗೊಂದಿಗೆ ಹಲಗೆ ಮೇಲೆ ಎರಡು ಚೀಲ ಇತ್ತು. ಅದರ ಹಿಡಿಕೆ ಗಟ್ಟಿ ಇತ್ತು, ಅಷ್ಟೇ."

"ಹಿಡಿಕೆ," ಎಂದಳು ಕುಮುದ ಮೈಕಿನಲ್ಲಿ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು.

"ಹೋದ ತಿಂಗಳು ಅದು ಕಿತ್ತುಹೋಯ್ತು. ಅವರೆಲ್ಲ ಮಗಳನ್ನ ಕೊಟ್ಟಿದ್ದು ಚೀಲಕ್ಕೆ ತಾನೇ? ಈಗ ಬಾಗಿಲು ತಟ್ಟಿದ್ರೆ, ಗಾಳಿ ಜೋರು ಅಂತಾರೆ. ನೋಡಿ, ಇಲ್ಲಿ ಸುಮ್ನೆ ಇಟ್ಟಿದೀರಿ. ಆ ಚೀಲ ನಂಗೆ ಕೊಟ್ಬಿಡಿ. ನನ್ನ ಹೆಸರೇ ಅಲ್ವಾ? ನಿಮಗೂ ಒಂದು ಅನುಕೂಲ. ನೆಗಡಿ, ಪಿತ್ತ ಅಂತ ದಿನಾ ಹೇಳೋದು ತಪ್ಪತ್ತೆ."

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು, ಅದೇ ಕಷ್ಟ. ಕೈ ಚಾಚಿ ಚೀಲ ಕೊಟ್ಟರೆ ಆ ಕ್ಷಣದಿಂದ ಅವನು ಗಂಡ, ಸಾಹಿತಿ, ಶಾಲು, ಪೇಟ, ಎಲ್ಲ. ಹಾಗಲಕಾಯಿ ತಿನ್ನಲೂ ಒಂದು ಬಾಯಿ. ಕುಮುದ ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. ಹಿಡಿಕೆ, ಎಂದು ಇನ್ನೊಮ್ಮೆ, ಈ ಸಲ ತನಗೇ, ಹೇಳಿಕೊಂಡಳು. ಅವಳ ತುಟಿ ಅದುರಿತು. ಸಭೆಯಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಅವಳಿಗೆ ಬರುತ್ತಿದ್ದದ್ದು ನಗು ಎಂದು ನನಗೊಬ್ಬಳಿಗೆ ತಿಳಿಯಿತು. ಹನ್ನೊಂದು ವರ್ಷ ಅವಳು ಆ ಪ್ರಶ್ನೆಗೆ ಎರಡೇ ಉತ್ತರ ಇಟ್ಟುಕೊಂಡಿದ್ದಳು, ಬಂದದ್ದು ಮೂರನೆಯದು.

"ಅತ್ತಿಗೆ, ನಿಮ್ಮ ಚೀಲ ಸ್ವಲ್ಪ ಕೊಡಿ."

ನಾನು ಕೊಟ್ಟೆ. ಅವಳು ಅವನ ಕೈಯಿಂದ ಕಪ್ಪು ಕವರು ತೆಗೆದು, ವೀರಭದ್ರ ಬ್ಯಾಂಡ್ ಕಂಪನಿಯ ಚೀಲವನ್ನು ಆ ಕೈಗೆ ಸಿಕ್ಕಿಸಿದಳು.

"ಓ! ಬ್ಯಾಂಡಿನವರು ಬಂದ್ರು!" ನೀಲಕಂಠಪ್ಪನವರು ಎದ್ದು ನಿಂತರು. "ಇದೇನ್ರಿ ಬರೋ ಹೊತ್ತು? ಸಭೆ ಮುಗೀತಾ ಬಂತು. ಆ ಮೂಲೆಗೆ ಹೋಗಿ, ಮಂಗಳಕ್ಕೆ ಶುರು ಮಾಡಿ!"

ನಾಲ್ಕು ಜನ ಸೇರಿ ಅವನನ್ನು ಮೂಲೆಗೆ ಕರೆದೊಯ್ದರು. ಬಾವುಟ ಹಾರಿಸುವ ದಿನಗಳಿಗೆಂದು ಕಪಾಟಿನ ಮೇಲಿಟ್ಟಿದ್ದ ಗ್ರಂಥಾಲಯದ ಡೋಲನ್ನು ಇಳಿಸಿ ಅವನ ಕೊರಳಿಗೆ ಹಾಕಿದರು. ಅವನು ತಾನು ಬ್ಯಾಂಡಿನವನಲ್ಲ ಎಂದು ಮೂರು ಸಲ ಹೇಳಿದ. ಮೂರನೆಯ ಸಲ ಅಷ್ಟೇನೂ ಗಟ್ಟಿಯಾಗಿ ಹೇಳಲಿಲ್ಲ. ಆಮೇಲೆ ಬಾರಿಸಿದ. ನಿಜ ಹೇಳಬೇಕೆಂದರೆ ಕೆಟ್ಟದಾಗೇನೂ ಬಾರಿಸಲಿಲ್ಲ. ಅಲ್ಲೇ ಇಬ್ಬರು ಮುಂದಿನ ತಿಂಗಳ ನಾಮಕರಣಕ್ಕೆ ಅವನನ್ನು ಗೊತ್ತುಮಾಡಿಕೊಂಡರು.

ಮನೆಗೆ ಹೋಗುವಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಒಬ್ಬರೂ ಮಾತಾಡಿಸಲಿಲ್ಲ. ಮೊದಲು ಬಹಳ ಹಾಯೆನಿಸಿತು. ಪೋಸ್ಟಾಫೀಸು ದಾಟುವ ಹೊತ್ತಿಗೆ ಹೆದರಿಕೆಯಾಗಿ ನನ್ನ ಹೆಸರನ್ನು ನಾನೇ ಒಂದು ಸಲ ಹೇಳಿಕೊಂಡೆ.

ಕುಮುದ ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡಳು. ಒಂದು ಚೀಲವನ್ನು ನೆಲದ ಮೇಲೆ ಹಾಸಿ ಎರಡು ಹೆಸರುಗಳ ನಡುವಿನ ಜಾಗದಲ್ಲಿ ಅಡ್ಡಕ್ಕೆ ಕತ್ತರಿಸಿದಳು. ಹಿಡಿಕೆಯಿದ್ದ ಮೇಲಿನ ಅರ್ಧಕ್ಕೆ ತಳ ಹೊಲಿದಳು. ಚಿ. ಸೌ. ಎಂಬುದು ಹೊಲಿಗೆಯೊಳಗೆ ಹೋಗುವಂತೆ ಎಡಗಡೆ ಮಡಚಿ ಇನ್ನೊಂದು ಹೊಲಿಗೆ ಹಾಕಿದಳು. ಹಿಡಿಕೆಗಳಿಗೆ ಮೂರು ಮೂರು ಸಲ ಮೆಷಿನ್ನು ಓಡಿಸಿದಳು. ನನ್ನ ಗಂಡ ಆ ಪುಟ್ಟ ಚೀಲವನ್ನು ಎತ್ತಿ ನೋಡಿ, "ಎರಡು ಕಿಲೋ ಹಿಡಿಯೋದು ಮುಕ್ಕಾಲು ಕಿಲೋಗೆ ಬಂತಲ್ಲೇ. ದಿನಕ್ಕೆ ಮೂರು ಸಲ ಹೋಗಬೇಕಾಗತ್ತೆ," ಎಂದರು.

"ಹೋಗ್ತೀನಿ," ಎಂದಳು ಕುಮುದ.

ಮಾರನೆಯ ಬೆಳಿಗ್ಗೆ ಪುಟ್ಟಗೌರಮ್ಮ ತಲೆಯೆತ್ತಿ ಓದಿದಳು. "ಕು... ಮುದ್ವತಿ. ಬನ್ನಿ ಅಮ್ಮಾ. ಊರಿಗೆ ಹೊಸಬರಾ?"

"ಹೌದು. ಬೀನ್ಸ್ ಹೇಗೆ?"

ಪುಟ್ಟಗೌರಮ್ಮ ಹೇಳಿದಳು.

"ಜಾಸ್ತಿಯಾಯ್ತು," ಎಂದಳು ಕುಮುದ. ಆಮೇಲೆ ಸೀರೆ ಒತ್ತಿ ಕುಕ್ಕರುಗಾಲಲ್ಲಿ ಕೂತು, ಹನ್ನೊಂದು ವರ್ಷದಿಂದ ಆಡದೆ ಉಳಿದಿದ್ದ ಚೌಕಾಸಿಯನ್ನೆಲ್ಲ ಶುರುಮಾಡಿದಳು. ಸೊಪ್ಪಿನವರು, ನಿಂಬೆಹಣ್ಣಿನವರು ವ್ಯಾಪಾರ ಬಿಟ್ಟು ಬಂದು ಸುತ್ತ ನಿಂತರು. ನನಗೆ ಗ್ರಂಥಾಲಯಕ್ಕೆ ತಡವಾಯಿತು. ನಾನು ಹೊರಟಾಗ ಅವರಿಬ್ಬರೂ ಇನ್ನೂ ಹುರುಳಿಕಾಯಿಯ ನಾರಿನ ವಿಷಯದಲ್ಲೇ ಇದ್ದರು.

ಕತ್ತರಿಸಿ ಉಳಿದ ಕೆಳಗಿನ ಅರ್ಧವನ್ನು ಎಸೆಯಲು ಅತ್ತೆ ಬಿಡಲಿಲ್ಲ. ದಪ್ಪ ಬಟ್ಟೆ, ಎರಡು ಪದರ, ಬಿಸಿ ಪಾತ್ರೆ ಹಿಡಿಯಲು ಹೇಳಿ ಮಾಡಿಸಿದ್ದು. ಮೊನ್ನೆ ಊಟದ ಹೊತ್ತಿಗೆ ಒಲೆಯ ಮುಂದಿನಿಂದ ಅವರು ಕೂಗುತ್ತಿದ್ದರು:

"ಈ ತ್ರಿವಿಕ್ರಮ ಎಲ್ಲಿ ಹಾಳಾಗಿ ಹೋದನೇ? ಸಾರು ಉಕ್ತಾ ಇದೆ!"

"ಬಾಗಿಲ ಹಿಂದೆ ನೋಡಮ್ಮ," ಎಂದಳು ಕುಮುದ, ಬೀನ್ಸಿನ ತುದಿ ಮುರಿಯುತ್ತ. "ಅದೇ ಮೊಳೆಗೆ ಹಾಕಿದೀನಿ."